ಹಳೆಯ ಪೆನ್ನಿನ ಪ್ರತಿಕೃತಿಗೆ ಮಾಡಿದವನ ಗುರುತೇ ಇರಲಿ

ಮಾನ್ಯ ಸಂಪಾದಕರೇ,

ಹಳೆಯ ಕಾಲದ ಫೌಂಟನ್ ಪೆನ್ನುಗಳನ್ನು ನೋಡಿ, ಅಳೆದು, ಅವುಗಳಂತೆಯೇ ಹೊಸದೊಂದನ್ನು ಕೈಯಿಂದ ಮಾಡುವ ಹವ್ಯಾಸಿಗಳಲ್ಲಿ ನಾನೂ ಒಬ್ಬ. ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ಟರ್ನರ್ ಆಗಿ ದುಡಿದು ನಿವೃತ್ತನಾದ ಮೇಲೆ ಮನೆಯ ಹಿಂದಿನ ಕೋಣೆಯಲ್ಲಿ ವಸ್ತುವನ್ನು ತಿರುಗಿಸುತ್ತ ಉಳಿಯಿಂದ ಕಡೆಯುವ ಸಣ್ಣ ಲೇತ್ ಯಂತ್ರ ಇಟ್ಟುಕೊಂಡು ಈ ಕೆಲಸಕ್ಕೆ ಕೈಹಾಕಿದೆ. ಇಂಥ ಪ್ರತಿಕೃತಿಗಳ ಮೇಲೆ ಹಳೆಯ ಕಂಪನಿಯ ಹೆಸರನ್ನೇ ಕೆತ್ತಿ, ಹಳೆಯ ಪೆನ್ನೆಂದೇ ಮಾರುವ ಚಾಳಿ ಬೆಳೆಯುತ್ತಿರುವುದನ್ನು ಕಂಡು ನೋವಿನಿಂದ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತಾತ ವಕೀಲರ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರು ಬಳಸುತ್ತಿದ್ದ ಪೆನ್ನು ಪಾರ್ಕರ್ ಡುವೋಫೋಲ್ಡ್, ಎಬೊನೈಟ್ ಎಂಬ ಕಪ್ಪು ಗಟ್ಟಿ ರಬ್ಬರಿನದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಜೇನ್ಸ್‌ವಿಲ್ ಊರಿನ ಪಾರ್ಕರ್ ಕಂಪನಿ ಈ ಮಾದರಿಯನ್ನು 1921ರಲ್ಲಿ ಮೊದಲು ಕೆಂಪು ಬಣ್ಣದಲ್ಲಿ, 7 ಡಾಲರ್ ಬೆಲೆಗೆ ಹೊರತಂದಿತ್ತು. 1926ರಿಂದ ಎಬೊನೈಟ್ ಬಿಟ್ಟು ಪ್ಲಾಸ್ಟಿಕ್ಕಿನ ಕಡೆ ತಿರುಗಿತು. ತಾತನ ಪೆನ್ನು ನನ್ನ ಕೈಗೆ ಬರುವ ಹೊತ್ತಿಗೆ ಮುಚ್ಚಳ ಕಳೆದುಹೋಗಿತ್ತು, ಒಳಗಿನ ರಬ್ಬರ್ ಚೀಲ ಕಲ್ಲಿನಂತೆ ಗಟ್ಟಿಯಾಗಿತ್ತು. ಅದನ್ನು ಕೆದಕಿ ಕೆಡಿಸುವ ಬದಲು ಅದನ್ನೇ ಮುಂದಿಟ್ಟುಕೊಂಡು ಇನ್ನೊಂದು ಮಾಡೋಣವೆಂದು ನಿರ್ಧರಿಸಿದೆ.

ಈ ಕೆಲಸ ಹೊರಗಿನಿಂದ ಕಾಣುವಷ್ಟು ಸರಳವಲ್ಲ. ರಬ್ಬರಿಗೆ ಗಂಧಕ ಬೆರೆಸಿ ಹೊತ್ತುಗಟ್ಟಲೆ ಕಾಯಿಸಿ ಗಟ್ಟಿಗೊಳಿಸಿದ ವಸ್ತು ಎಬೊನೈಟ್. ಅದರ ಸರಳನ್ನು ಲೇತಿಗೆ ಕಟ್ಟಿ ಉಳಿ ತಾಗಿಸಿದೊಡನೆ ಕೋಣೆಯ ತುಂಬ ಗಂಧಕದ ವಾಸನೆ ಹಬ್ಬುತ್ತದೆ. ಉಳಿ ಹರಿತವಾಗಿದ್ದರೆ ಸಿಪ್ಪೆ ನೀಳವಾದ ಎಳೆಯಾಗಿ ಸುರುಳಿ ಸುತ್ತಿಕೊಂಡು ಬರುತ್ತದೆ, ಮೊಂಡಾಗಿದ್ದರೆ ಪುಡಿಯಾಗಿ ಉದುರುತ್ತದೆ. ಕೊರೆಯುವಾಗ ಅವಸರ ಮಾಡಿದರೆ ಸರಳು ಬಿಸಿಯಾಗಿ ಹಿಗ್ಗುತ್ತದೆ, ಆ ಬಿಸಿಯಲ್ಲಿ ತೆಗೆದ ಅಳತೆ ತಣ್ಣಗಾದ ಮೇಲೆ ಸುಳ್ಳಾಗುತ್ತದೆ. ನನ್ನ ಮೊದಲ ಎರಡು ಮುಚ್ಚಳಗಳು ಕೆಟ್ಟಿದ್ದು ಹೀಗೆಯೇ. ಮುಚ್ಚಳದ ತಿರುಪು ಒಂದೆರಡು ಸುತ್ತಿಗೇ ಬಿಗಿಯಾಗಿ ಕೂರಬೇಕಾದರೆ ಒಂದೇ ಎಳೆಯ ಥ್ರೆಡ್ ಸಾಲದು, ಹಲವು ಎಳೆಗಳನ್ನು ಒಟ್ಟಿಗೆ ಹಾಕಬೇಕು. ಅದಕ್ಕೆ ಬೇಕಾದ, ಥ್ರೆಡ್ ಕೊರೆಯುವ ಟ್ಯಾಪ್ ಮತ್ತು ಡೈ ಎಂಬ ಉಪಕರಣಗಳನ್ನು ನಾನೇ ಮಾಡಿಕೊಳ್ಳಬೇಕಾಯಿತು. ಇನ್ನು ನಿಬ್ಬಿನ ಕೆಳಗಿನ ನಾಲಿಗೆಯದು ಬೇರೆಯೇ ಪಾಠ. ಅದರ ಸಣ್ಣ ಗೀರಿನಲ್ಲಿ ಶಾಯಿ ಕೆಳಗಿಳಿಯಬೇಕು, ಇಳಿದಷ್ಟೇ ಗಾಳಿ ಮೇಲಕ್ಕೇರಬೇಕು; ಗೀರು ಕೂದಲೆಳೆಯಷ್ಟು ಹೆಚ್ಚಾದರೂ ಕಾಗದದ ಮೇಲೆ ಮಸಿ ಬೀಳುತ್ತದೆ, ಕಡಿಮೆಯಾದರೆ ನಾಲ್ಕು ಸಾಲಿಗೇ ಬರವಣಿಗೆ ಒಣಗುತ್ತದೆ. ಆ ಕಾಲದ ಪಾರ್ಕರ್ ಪೆನ್ನುಗಳಲ್ಲಿ ನಾಲಿಗೆಯ ಬಾಲ ಬಾಗಿ ಒಳಗೋಡೆಗೆ ತಾಗುತ್ತಿತ್ತು. ಪೆನ್ನನ್ನು ಜೇಬಿಗೆ ಸಿಕ್ಕಿಸಿದಾಗ ನಾಲಿಗೆಯಲ್ಲಿ ಉಳಿದ ಶಾಯಿ ಆ ಗೋಡೆ ಹಿಡಿದು ಹಿಂದಕ್ಕೆ ಇಳಿದುಹೋಗಲೆಂದು 1894ರಲ್ಲೇ ಪೇಟೆಂಟ್ ಪಡೆದ ಉಪಾಯ ಅದು. ಆ ಬಾಗನ್ನು ಎಬೊನೈಟಿನಲ್ಲಿ ಒಡೆಯದಂತೆ ತರಬೇಕಾದರೆ ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದಾಗ ಬೆರಳಿನಿಂದ ಸಾವಕಾಶವಾಗಿ ಒತ್ತಿ, ಆರುವವರೆಗೆ ಹಾಗೆಯೇ ಹಿಡಿದಿರಬೇಕು. ಅದು ಮೊದಲ ಬಾರಿ ಸರಿಯಾಗಿ ಕೂತ ದಿನ, ಆ ಪೆನ್ನಿಗೆ ರೂಪ ಕೊಟ್ಟ ಅಂದಿನ ಕೆಲಸಗಾರರ ಮೇಲೆ ನನಗೆ ಹುಟ್ಟಿದ ಗೌರವವನ್ನು ಮಾತಿನಲ್ಲಿ ಹೇಳಲಾರೆ.

ಇಷ್ಟೆಲ್ಲ ಆದ ಮೇಲೆ ತಾತನ ಅಸಲಿ ಪೆನ್ನಿಗೆ ಅದೇ ಕಾಲದ ಮುಚ್ಚಳವೊಂದು ಬೇಕೆನಿಸಿ, ಹಳೆಯ ವಸ್ತುಗಳ ಮಾರಾಟಗಾರರೊಬ್ಬರಿಂದ 1920ರ ದಶಕದ್ದೆಂದು ಹೇಳಲಾದ ಇಡೀ ಪೆನ್ನೊಂದನ್ನು ಗಣನೀಯ ಬೆಲೆ ಕೊಟ್ಟು ತರಿಸಿಕೊಂಡೆ. ಕಪ್ಪು ಎಬೊನೈಟ್ ಬೆಳಕಿಗೆ ಬಿದ್ದು ಬಿದ್ದು ಕ್ರಮೇಣ ಕಂದುಬಣ್ಣಕ್ಕೆ ತಿರುಗುತ್ತದೆ. ಆದರೆ ಮುಚ್ಚಳದೊಳಗೆ ಅಡಗಿರುವ ಭಾಗಕ್ಕೆ ಬೆಳಕು ತಾಗದ ಕಾರಣ ಅಲ್ಲಿ ಮೊದಲಿನ ಕಪ್ಪು ಉಳಿದಿರುತ್ತದೆ. ತಾತನ ಪೆನ್ನಿನಲ್ಲಿ ಈ ಗಡಿ ಗೆರೆ ಎಳೆದಂತೆ ಕಾಣುತ್ತದೆ. ನನಗೆ ಬಂದ ಪೆನ್ನಿನಲ್ಲಿ ತಿರುಪಿನ ಸಂದಿಯೂ ಸೇರಿದಂತೆ ಎಲ್ಲವೂ ಒಂದೇ ಸಮನೆ ಕಂದು. ಅನುಮಾನ ಬಂದು ಭೂತಗನ್ನಡಿಯಲ್ಲಿ ಅಕ್ಷರಗಳನ್ನು ನೋಡಿದೆ. ಆಗಿನವರು ಕಾಯಿಸಿದ ಅಚ್ಚನ್ನು ಒತ್ತಿ ಹೆಸರು ಮೂಡಿಸುತ್ತಿದ್ದರು, ಆದ್ದರಿಂದ ಅಕ್ಷರದ ಅಂಚು ನಯವಾಗಿ ಒಳಕ್ಕೆ ಇಳಿದಿರುತ್ತದೆ. ಇಲ್ಲಿ ಅಕ್ಷರದ ತಳ ಮರಳಿನಂತೆ ಒರಟಾಗಿ, ಸುಟ್ಟು ಕೊರೆದಂತಿತ್ತು. ಅದು ಯಾರೋ ಒಬ್ಬ ಒಳ್ಳೆಯ ಕೆಲಸಗಾರ ಇತ್ತೀಚೆಗೆ ಮಾಡಿದ ಪ್ರತಿಕೃತಿ. ಲೇತ್ ಕೆಲಸ ಅಚ್ಚುಕಟ್ಟಾಗಿತ್ತು, ಥ್ರೆಡ್ ನನ್ನದಕ್ಕಿಂತ ಚೆನ್ನಾಗಿತ್ತು. ಹಣ ಹೋದದ್ದಕ್ಕಿಂತ, ಅಷ್ಟು ಬಲ್ಲ ಕೈಯೊಂದು ತನ್ನ ಹೆಸರನ್ನು ಅಳಿಸಿಕೊಂಡಿತಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡಿದೆ.

ಹೆಸರಿಲ್ಲದಿದ್ದರೆ ಪ್ರತಿಕೃತಿ ಪೂರ್ಣವಾಗುವುದಿಲ್ಲ ಎಂದು ಕೆಲವು ಗೆಳೆಯರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಆಕಾರ, ಅಳತೆ, ಶಾಯಿ ತುಂಬುವ ಬಗೆ, ಕೈಗೆ ಸಿಗುವ ತೂಕ ಇವು ಯಾರೂ ನೋಡಿ ಕಲಿಯಬಹುದಾದ ವಿದ್ಯೆ. ಹೆಸರಾದರೋ ಆ ವಸ್ತುವಿಗೆ ತಾನು ಹೊಣೆಯೆಂದು ಒಬ್ಬರು ಹಾಕಿದ ಸಹಿ. ಸ್ವತಃ ಪಾರ್ಕರ್ ಕಂಪನಿಯೇ, 1945ರಲ್ಲಿ ಜಪಾನಿನ ಶರಣಾಗತಿ ಪತ್ರಕ್ಕೆ ಸಹಿ ಹಾಕಲು ಅಮೆರಿಕದ ಜನರಲ್ ಮೆಕಾರ್ಥರ್ ಬಳಸಿದ ಪೆನ್ನುಗಳಲ್ಲಿ ಒಂದಾದ ಕೆಂಪು ಡುವೋಫೋಲ್ಡಿನ ನೆನಪಿಗೆ 1995ರಲ್ಲಿ ಪೆನ್ನುಗಳನ್ನು ಹೊರತಂದಾಗ, ಅವು ಸೀಮಿತ ಸಂಖ್ಯೆಯ ಸ್ಮಾರಕ ಪೆನ್ನುಗಳೆಂದು ಹೇಳಿಯೇ ಮಾರಿತು. ನಮ್ಮ ನೆರೆಯ ಆಂಧ್ರದ ರಾಜಮಂಡ್ರಿಯಲ್ಲಿ ಕೆ. ವಿ. ರತ್ನಂ ಅವರು 1930ರ ದಶಕದಲ್ಲಿ ವಿದೇಶಿ ಪೆನ್ನುಗಳಿಗೆ ಬದಲಾಗಿ ಸ್ವದೇಶಿ ಎಬೊನೈಟ್ ಪೆನ್ನು ಮಾಡಿದಾಗ ಅದರ ಮೇಲೆ ತಮ್ಮ ಹೆಸರನ್ನೇ ಹಾಕಿದರು, ಗಾಂಧೀಜಿಯವರು ಅದನ್ನು ಬಳಸಿ ನೋಡಿ 1935ರಲ್ಲಿ ಮೆಚ್ಚುಗೆಯ ಪತ್ರ ಬರೆದರು. ವಿದೇಶಿ ಹೆಸರು ಕೊರೆದಿದ್ದರೆ ಅಂಥ ಪತ್ರ ಬರಲು ಕಾರಣವೇ ಇರುತ್ತಿರಲಿಲ್ಲ.

ಆದ್ದರಿಂದ ಪ್ರತಿಕೃತಿ ಮಾಡುವ ನನ್ನಂಥವರೆಲ್ಲರಲ್ಲಿ ನನ್ನ ಕೋರಿಕೆ ಇದು: ಮಾಡಿದವರ ಹೆಸರನ್ನೋ ಗುರುತನ್ನೋ, ಜೊತೆಗೆ ಮಾಡಿದ ವರ್ಷವನ್ನೂ, ಉಜ್ಜಿದರೆ ಹೋಗದಂತೆ ಪೆನ್ನಿನ ಮೈಮೇಲೆಯೇ ಹಾಕಿರಿ. ಮಾರುವವರು ನಿಬ್ಬು ಯಾವ ಕಾಲದ್ದು, ಮುಚ್ಚಳ ಯಾವ ಕಾಲದ್ದು, ಯಾವುದು ಹೊಸದಾಗಿ ಮಾಡಿ ಕೂಡಿಸಿದ್ದು ಎಂಬುದನ್ನು ಬಿಡಿಸಿ ಬರೆದು ಕೊಡಲಿ. ಕೊಳ್ಳುವವರೂ ಅದನ್ನು ಕೇಳಿ ಪಡೆಯಲಿ. ನಾನು ಮಾಡಿದ ಪೆನ್ನಿನ ಮೇಲೆ ತಾತನ ಪೆನ್ನಿನಲ್ಲಿದ್ದ ಜಾಗದಲ್ಲೇ ನನ್ನ ಹೆಸರಿನ ಮೊದಲ ಅಕ್ಷರ ಮತ್ತು ವರ್ಷವನ್ನು ಕನ್ನಡದಲ್ಲಿ ಒತ್ತಿದ್ದೇನೆ. ಈ ಪತ್ರದ ಕರಡನ್ನು ಅದರಲ್ಲೇ ಬರೆದೆ.

ತಮ್ಮ ವಿಶ್ವಾಸಿ,
ನಿವೃತ್ತ ಟರ್ನರ್, ಮೈಸೂರು