ಕ್ಲಬ್ಬಿನ ನಿರ್ಧಾರಗಳಿಗೆ ಕಾರಣ ಅಭಿಮಾನಿಗೂ ತಿಳಿಯಬೇಕು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಸಂಜೆ ಹಲಸೂರಿನ ಟೀ ಅಂಗಡಿಯೊಂದರ ಮುಂದೆ ಐದಾರು ಹುಡುಗರು ಫುಟ್‌ಬಾಲ್ ಕ್ಲಬ್ಬುಗಳ ಆಡಳಿತದ ಬಗ್ಗೆ ವಾದಕ್ಕೆ ಬಿದ್ದಿದ್ದರು. ಗ್ಲೇಜರ್ ಕುಟುಂಬ 2005ರಲ್ಲಿ ಸಾಲ ತಂದು ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬನ್ನು ಕೊಂಡದ್ದು, ಆ ಸಾಲವನ್ನು ಕ್ಲಬ್ಬಿನ ಹೆಗಲಿಗೇ ಏರಿಸಿದ್ದು, ಬಡ್ಡಿಗೆ ಹೋದ ದುಡ್ಡಿನಲ್ಲಿ ಎಂತೆಂಥ ಆಟಗಾರರನ್ನು ತರಬಹುದಾಗಿತ್ತು ಎಂಬುದನ್ನೆಲ್ಲ ಒಬ್ಬ ತಡವರಿಸದೆ ಹೇಳುತ್ತಿದ್ದ. ಸದಸ್ಯರೇ ಮತ ಹಾಕಿ ಅಧ್ಯಕ್ಷರನ್ನು ಆರಿಸುವ ಬಾರ್ಸಿಲೋನಾ ಕೂಡ ಲೆಕ್ಕ ತಪ್ಪಿ ಖರ್ಚು ಮಾಡಿ, ಲೀಗಿನ ವೇತನ ಮಿತಿಗೆ ಸಿಕ್ಕಿ, 2021ರ ಆಗಸ್ಟ್‌ನಲ್ಲಿ ಮೆಸ್ಸಿಯನ್ನೇ ಕಳೆದುಕೊಂಡಿತಲ್ಲ ಎಂದು ಇನ್ನೊಬ್ಬ ಎದುರುವಾದ ಹೂಡಿದ. ಹುಡುಗರ ತಿಳಿವಳಿಕೆ ಕಂಡು ನನಗೆ ನಿಜಕ್ಕೂ ಸಂತೋಷವಾಯಿತು. ಮಾತಿನ ನಡುವೆ ನಾನು, ನಮ್ಮ ಬೆಂಗಳೂರು ಎಫ್‌ಸಿ ಇತ್ತೀಚೆಗೆ ಸೇರಿಸಿಕೊಂಡ ಆಟಗಾರರಲ್ಲಿ ಯಾರಿಗಾಗಿ ಎಷ್ಟು ಹಣ ಕೊಟ್ಟಿತು, ಆ ಆಯ್ಕೆ ಕೋಚ್‌ನದೋ ಮಾಲೀಕರದೋ ಎಂದು ಕೇಳಿದೆ. ಯಾರ ಬಳಿಯೂ ಉತ್ತರವಿರಲಿಲ್ಲ. ಕಂಠೀರವ ಕ್ರೀಡಾಂಗಣದ ಗ್ಯಾಲರಿಯಲ್ಲಿ ಪ್ರತಿ ಪಂದ್ಯಕ್ಕೂ ನೀಲಿ ಜೆರ್ಸಿ ತೊಟ್ಟು, ತೊಂಬತ್ತು ನಿಮಿಷವೂ ನಿಂತೇ ಕೂಗುವ ಹುಡುಗರು ಇವರು. ಸಾವಿರಾರು ಮೈಲಿ ಆಚೆಯ ಕ್ಲಬ್ಬಿನ ಬಡ್ಡಿಯ ಲೆಕ್ಕ ಗೊತ್ತಿರುವ ಇವರಿಗೆ ಮನೆಯ ಪಕ್ಕದ ಕ್ಲಬ್ಬಿನ ಒಂದು ಅಂಕಿಯೂ ಗೊತ್ತಿಲ್ಲದಿರುವುದಕ್ಕೆ ಕಾರಣ ಅವರ ಅಸಡ್ಡೆಯಲ್ಲ, ಅದನ್ನು ಅವರಿಗೆ ಯಾರೂ ಹೇಳಿಲ್ಲ ಎಂಬುದೇ. ಈ ಪತ್ರ ಬರೆಯುತ್ತಿರುವುದು ಅದರ ಸಲುವಾಗಿಯೇ.

ನಾನು ಫುಟ್‌ಬಾಲ್ ನೋಡಲು ಕಲಿತದ್ದು ಅಶೋಕನಗರದ ಕ್ರೀಡಾಂಗಣದಲ್ಲಿ, ಐಟಿಐ, ಎಚ್‌ಎಎಲ್ ಕಾರ್ಖಾನೆಗಳ, ಸೇನೆಯ ಎಂಇಜಿಯ ತಂಡಗಳ ಕಾಲದಲ್ಲಿ. ಕಾರ್ಖಾನೆಯ ತಂಡಕ್ಕೆ ಆಡುವವನು ಕಾರ್ಖಾನೆಯ ನೌಕರನೂ ಆಗಿರುತ್ತಿದ್ದ. ಮೊಣಕಾಲು ಕೈಕೊಟ್ಟ ಮೇಲೂ ಅವನಿಗೆ ಸಂಬಳವಿರುತ್ತಿತ್ತು, ಕ್ವಾರ್ಟರ್ಸ್ ಇರುತ್ತಿತ್ತು. ಆಟಗಾರರು ಊರು ಬಿಟ್ಟು ಹೋಗುವುದು ಆಗಲೂ ಹೊಸತೇನಾಗಿರಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ನಮ್ಮೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ಆಡಿದ ನಮ್ಮೂರಿನವರೇ ಆದ ಅಹ್ಮದ್ ಖಾನ್ ಮರುವರ್ಷ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ, ಅಲ್ಲಿನ ಜನ 'ಪಂಚಪಾಂಡವರು' ಎಂದು ಕರೆದ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾದರು. ಹಾಗಾಗಿ ಆಟಗಾರ ಕ್ಲಬ್ಬು ಬಿಟ್ಟು ಹೋದ ಎಂಬ ಕಾರಣಕ್ಕೆ ಅವನನ್ನು ದೂರುವವನು ನಾನಲ್ಲ. 1995ರ ಬಾಸ್ಮನ್ ತೀರ್ಪಿನ ನಂತರ, ಒಪ್ಪಂದ ಮುಗಿದ ಆಟಗಾರ ತನಗೆ ಬೇಕಾದಲ್ಲಿಗೆ ಶುಲ್ಕವಿಲ್ಲದೆ ಹೋಗಬಹುದೆಂಬುದು ಫುಟ್‌ಬಾಲಿನಲ್ಲಿ ಎಲ್ಲರೂ ಒಪ್ಪಿಕೊಂಡ ಮಾತು. ದುಡಿಮೆಗಾರನಿಗೆ ಆ ಸ್ವಾತಂತ್ರ್ಯ ಇರಲೇಬೇಕು.

ನನ್ನ ತಕರಾರು ಇರುವುದು ಮೌನದ ಬಗ್ಗೆ. 2014ರಿಂದ ಬೆಂಗಳೂರು ಎಫ್‌ಸಿಯಲ್ಲಿದ್ದ ಉದಾಂತ ಸಿಂಗ್ 2023ರಲ್ಲಿ ಎಫ್‌ಸಿ ಗೋವಾ ಸೇರಿದರು. ಅದೇ ಬೇಸಿಗೆಯಲ್ಲಿ ಸಂದೇಶ್ ಜಿಂಗನ್ ಅವರೂ ಅಲ್ಲಿಗೇ ಹೋದರು, ರಾಯ್ ಕೃಷ್ಣ ಒಡಿಶಾ ಎಫ್‌ಸಿ ಸೇರಿದರು. ಹಿಂದಿನ ಋತುವಿನಲ್ಲಷ್ಟೇ ಡುರಾಂಡ್ ಕಪ್ ಗೆದ್ದು, ದೇಶದ ಅಗ್ರ ಲೀಗ್ ಆದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನಲ್ಲಿ ಪೆನಾಲ್ಟಿವರೆಗೂ ಹೋರಾಡಿ ಸೋತ ತಂಡ ಅದು. ಡಿಸೆಂಬರ್ ಹೊತ್ತಿಗೆ ಕೋಚ್ ಸೈಮನ್ ಗ್ರೇಸನ್ ಅವರನ್ನೂ ಕಳುಹಿಸಲಾಯಿತು, ಋತುವಿನ ಕೊನೆಗೆ ತಂಡ ಹನ್ನೆರಡರಲ್ಲಿ ಹತ್ತನೆಯ ಸ್ಥಾನಕ್ಕೆ ಇಳಿದಿತ್ತು. ಆ ವರ್ಷವಿಡೀ ಗ್ಯಾಲರಿಯಲ್ಲಿ ನಡೆದದ್ದು ಊಹೆಗಳ ಮೇಲಿನ ಜಗಳ. ಬಜೆಟ್ ಕಡಿತವಾಯಿತು ಎಂದು ಒಬ್ಬರು, ಕೋಚ್ ಬೇಡವೆಂದರು ಎಂದು ಇನ್ನೊಬ್ಬರು, ಆಟಗಾರರೇ ಹೆಚ್ಚು ಕೇಳಿದರು ಎಂದು ಮತ್ತೊಬ್ಬರು. ಕಾರಣ ತಿಳಿಯದಾಗ ಜನ ಕಾರಣವನ್ನು ತಾವೇ ಕಟ್ಟಿಕೊಳ್ಳುತ್ತಾರೆ, ಆಮೇಲೆ ಅದರ ಸಿಟ್ಟನ್ನು ಮೈದಾನದಲ್ಲಿ ಕಣ್ಣಿಗೆ ಕಾಣುವ ಹತ್ತೊಂಬತ್ತರ ಹುಡುಗನ ಮೇಲೆ ತೀರಿಸಿಕೊಳ್ಳುತ್ತಾರೆ. ಆಟಗಾರನ ತಾಯಿ ತಂಗಿಯರನ್ನು ಹಿಡಿದು ಬೈಯುವ ಕೆಲವರು ನಮ್ಮ ಸಾಲಿನಲ್ಲೇ ಇದ್ದಾರೆ ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ.

ಕ್ಲಬ್ಬಿನ ಮಾಲೀಕರಿಗೆ ಸಲ್ಲಬೇಕಾದ ಕೃತಜ್ಞತೆಯನ್ನು ನಾನು ಮರೆತಿಲ್ಲ. ಎಚ್‌ಎಎಲ್ ತಂಡ 2012ರಲ್ಲಿ, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ನಿಂದ ಕೆಳಗಿಳಿದ ಮೇಲೆ ಈ ಊರಿಗೆ ದೇಶದ ಮೇಲ್ದರ್ಜೆಯಲ್ಲಿ ತಂಡವೇ ಇರಲಿಲ್ಲ. 2013ರಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಬೆಂಗಳೂರು ಎಫ್‌ಸಿಯನ್ನು ಕಟ್ಟಿತು. ಆ ತಂಡ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು, 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ಬಾಯಿತು, 2018-19ರಲ್ಲಿ ರಾಹುಲ್ ಭೇಕೆ ಹೆಚ್ಚುವರಿ ಸಮಯದಲ್ಲಿ ಹೊಡೆದ ಗೋಲಿನಿಂದ ಐಎಸ್‌ಎಲ್ ಕಿರೀಟ ತಂದಿತು. ಅದು ಅವರ ದುಡ್ಡಿನಿಂದ, ಅವರು ನೇಮಿಸಿದವರ ದಕ್ಷತೆಯಿಂದ ಆದದ್ದು. ಆದರೆ ಕ್ಲಬ್ಬು ಆಡುವ ಕಂಠೀರವ ಕ್ರೀಡಾಂಗಣ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಸಾರ್ವಜನಿಕರ ಹಣದಲ್ಲಿ ಎದ್ದು ನಿಂತದ್ದು. ಅದರ ಬಳಕೆಯ ಬಗ್ಗೆ ಅಥ್ಲೀಟ್‌ಗಳಿಗೂ ಫುಟ್‌ಬಾಲಿಗೂ ನಡೆದ ತಕರಾರು ಹೈಕೋರ್ಟಿನವರೆಗೂ ಹೋಗಿತ್ತು. ಊರಿನ ಹೆಸರು, ಊರಿನ ಮೈದಾನ, ಊರಿನ ಜನರ ಟಿಕೆಟ್ ಹಣ ಇವು ಮೂರನ್ನೂ ಪಡೆಯುವ ಸಂಸ್ಥೆ ಊರಿಗೆ ವರ್ಷಕ್ಕೊಮ್ಮೆಯಾದರೂ ಎದುರು ಕುಳಿತು ಉತ್ತರ ಹೇಳಬೇಕೆಂದು ಕೇಳುವುದು ಅತಿಯಾಸೆಯಲ್ಲ ಎಂದು ನಂಬಿದ್ದೇನೆ.

ಆಡಳಿತದ ಕೋಣೆಯಲ್ಲಿ ಆಗುವುದು ಮೈದಾನಕ್ಕೆ ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು ಈ ಕೆಲವೇ ವರ್ಷಗಳಲ್ಲಿ ಕಣ್ಣಾರೆ ಕಂಡಿದ್ದೇವೆ. 2022ರ ಆಗಸ್ಟ್‌ನಲ್ಲಿ ಫಿಫಾ ನಮ್ಮ ರಾಷ್ಟ್ರೀಯ ಒಕ್ಕೂಟವನ್ನು ಅಮಾನತಿನಲ್ಲಿಟ್ಟಾಗ, ಏಷ್ಯಾದ ಮಹಿಳಾ ಕ್ಲಬ್ ಪಂದ್ಯಾವಳಿಗೆಂದು ತಾಷ್ಕೆಂಟ್ ತಲುಪಿದ್ದ ಗೋಕುಲಂ ಕೇರಳದ ಹೆಣ್ಣುಮಕ್ಕಳು ಒಂದು ಪಂದ್ಯವನ್ನೂ ಆಡದೆ ಮರಳಬೇಕಾಯಿತು. ಅವರು ಮಾಡಿದ ತಪ್ಪು ಯಾವುದೂ ಇರಲಿಲ್ಲ. 2024-25ರ ಐ-ಲೀಗ್ ಚಾಂಪಿಯನ್ ಚರ್ಚಿಲ್ ಬ್ರದರ್ಸ್ ತಂಡವೋ ಇಂಟರ್ ಕಾಶಿಯೋ ಎಂಬುದು, ಪಂದ್ಯಗಳೆಲ್ಲ ಮುಗಿದು ತಿಂಗಳುಗಳಾದ ಮೇಲೆ, ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಇನ್ನು 2025ರ ಜುಲೈ! ಒಕ್ಕೂಟ 2010ರಲ್ಲಿ ಹದಿನೈದು ವರ್ಷಕ್ಕೆ, ವರ್ಷಕ್ಕೆ 50 ಕೋಟಿ ರೂಪಾಯಿಯಂತೆ, ಮಾಡಿಕೊಂಡಿದ್ದ, ಐಎಸ್‌ಎಲ್‌ಗೆ ಆಧಾರವಾಗಿದ್ದ ವಾಣಿಜ್ಯ ಹಕ್ಕಿನ ಒಪ್ಪಂದ ಡಿಸೆಂಬರಿನಲ್ಲಿ ಮುಗಿಯುತ್ತದೆ ಎಂಬುದು ಹದಿನೈದು ವರ್ಷಗಳಿಂದ ಎಲ್ಲರಿಗೂ ತಿಳಿದಿತ್ತು. ಆದರೂ ಹೊಸ ವ್ಯವಸ್ಥೆ ಸಿದ್ಧವಾಗದೆ ಐಎಸ್‌ಎಲ್ ಅನ್ನೇ ತಡೆಹಿಡಿಯಲಾಯಿತು, ಆಗಸ್ಟ್ ಮೊದಲ ವಾರ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಅವಧಿಗೆ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಏಪ್ರಿಲ್‌ನಲ್ಲಿ ಫೈನಲ್ ಆಡಿದ್ದ ತಂಡಕ್ಕೆ ನಾಲ್ಕು ತಿಂಗಳಲ್ಲಿ ಬಂದ ಸ್ಥಿತಿ ಅದು. ಆ ಪ್ರಕಟಣೆ ಓದಿದ ದಿನ ನನಗೆ ನೆನಪಾದವರು ಹೆಸರಾಂತ ಆಟಗಾರರಲ್ಲ, ಜೆರ್ಸಿ ಒಗೆದು ಒಣಹಾಕುವ, ಚೆಂಡಿಗೆ ಗಾಳಿ ತುಂಬುವ ಕೆಲಸದವರು.

ಇದಕ್ಕಿಂತ ದೊಡ್ಡ ಭಯವೊಂದಿದೆ. 2021-22ರಲ್ಲಿ ಐಎಸ್‌ಎಲ್ ಗೆದ್ದ ಹೈದರಾಬಾದ್ ಎಫ್‌ಸಿ ಸಂಬಳ ಬಾಕಿ, ಟ್ರಾನ್ಸ್‌ಫರ್ ನಿಷೇಧಗಳ ಸುಳಿಗೆ ಸಿಕ್ಕಿ, ಕೈ ಬದಲಾಗಿ, 2025ರಲ್ಲಿ ದೆಹಲಿಗೆ ಸ್ಥಳಾಂತರಗೊಂಡು ಹೆಸರನ್ನೂ ಬದಲಿಸಿಕೊಂಡಿತು. ಮೂರು ವರ್ಷದ ಹಿಂದೆ ಕಪ್ ಎತ್ತಿದ ತಂಡ ಒಂದು ಬೆಳಿಗ್ಗೆ ತನ್ನದಲ್ಲ ಎಂದು ತಿಳಿದಾಗ ಆ ಊರಿನ ಅಭಿಮಾನಿ ಯಾರ ಬಾಗಿಲು ತಟ್ಟಬೇಕು? ಇಂಗ್ಲೆಂಡಿನಲ್ಲಿ ವಿಂಬಲ್ಡನ್ ಕ್ಲಬ್ಬನ್ನು ಬೇರೆ ಊರಿಗೆ ಒಯ್ಯಲು 2002ರಲ್ಲಿ ಅನುಮತಿ ಸಿಕ್ಕಾಗ ಅಭಿಮಾನಿಗಳೇ ಸೇರಿ ಎಎಫ್‌ಸಿ ವಿಂಬಲ್ಡನ್ ಎಂಬ ಹೊಸ ಕ್ಲಬ್ಬನ್ನು ತಳಮಟ್ಟದಿಂದ ಕಟ್ಟಿಕೊಂಡರು. ಅಂಥದ್ದು ಮತ್ತೆ ನಡೆಯದಿರಲೆಂದು ಆ ದೇಶ 2025ರ ಜುಲೈನಲ್ಲಿ ಕಾಯ್ದೆಯನ್ನೇ ತಂದು, ಕ್ಲಬ್ಬುಗಳ ಮೇಲೆ ಸ್ವತಂತ್ರ ನಿಯಂತ್ರಕರನ್ನು ಕೂರಿಸಿದೆ. ಜರ್ಮನಿಯಲ್ಲಿ ಕ್ಲಬ್ಬಿನ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮ 1998ರಿಂದ ಇದೆ. ಅಷ್ಟು ದೂರ ಹೋಗುವುದೂ ಬೇಡ. ಪಕ್ಕದ ಕೊಚ್ಚಿಯಲ್ಲಿ ಅಭಿಮಾನಿಗಳ ಪ್ರತಿಭಟನೆಯ ನಂತರ ಕೇರಳ ಬ್ಲಾಸ್ಟರ್ಸ್ ಕ್ಲಬ್ಬು 2025ರ ಜನವರಿಯಲ್ಲಿ ಅಭಿಮಾನಿಗಳ ಸಲಹಾ ಮಂಡಳಿಯೊಂದನ್ನು ರಚಿಸುವುದಾಗಿ ಘೋಷಿಸಿತು. ಮೈದಾನದಲ್ಲಿ ಅವರಿಗೂ ನಮಗೂ ಎಷ್ಟೇ ಹಗೆಯಿರಲಿ, ಈ ವಿಷಯದಲ್ಲಿ ಅವರು ನಮಗಿಂತ ಮುಂದಿದ್ದಾರೆ.

ದೊಡ್ಡ ಕ್ಲಬ್ಬಿನ ಮಾತನ್ನಷ್ಟೇ ಆಡಿದರೆ ಅರ್ಧ ಹೇಳಿದಂತಾಗುತ್ತದೆ. ನಮ್ಮ ಬೀದಿಯಲ್ಲಿ ಆಟೋ ಓಡಿಸುವವರೊಬ್ಬರ ಮಗ ಸ್ಥಳೀಯ ಲೀಗಿನ ಕೆಳ ಡಿವಿಷನ್ನಿನಲ್ಲಿ ಎಡಬದಿಯ ಹಿಂಬದಿ ಆಟಗಾರ. ಎರಡು ವರ್ಷದ ಹಿಂದೆ ಮೇಲಿನ ಡಿವಿಷನ್ನಿನ ತಂಡವೊಂದು ಅವನನ್ನು ಕರೆಯಿತು. ಹಳೆಯ ಕ್ಲಬ್ಬು ಎನ್‌ಒಸಿ, ಅಂದರೆ ಅವನನ್ನು ಬಿಟ್ಟುಕೊಡಲು ತಕರಾರಿಲ್ಲವೆಂಬ ಪತ್ರ, ಕೊಡಬೇಕಿತ್ತು. ತಂದೆ ಮೂರು ಸಲ ಆ ಕ್ಲಬ್ಬಿನ ಪದಾಧಿಕಾರಿಯ ಮನೆಗೆ ಹೋದರು. ಒಮ್ಮೆ ಸಮಿತಿ ಸೇರಬೇಕು ಎಂದರು, ಒಮ್ಮೆ ಸೀಲು ಇಲ್ಲ ಎಂದರು, ಮೂರನೆಯ ಸಲ ಬಾಗಿಲು ತೆರೆಯಲಿಲ್ಲ. ಸಮಿತಿಯಲ್ಲಿ ಎರಡು ಗುಂಪುಗಳಿದ್ದು, ಹುಡುಗನನ್ನು ಕರೆತಂದವರು ಸೋತ ಗುಂಪಿನವರು ಎಂಬುದು ನಮಗೆ ಆಮೇಲೆ ತಿಳಿಯಿತು. ನೋಂದಣಿಯ ಅವಧಿ ಆ ಶುಕ್ರವಾರ ಮುಗಿಯಿತು. ಅವನ ಬೂಟುಗಳು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದು ಇಡೀ ಋತು ಹಾಗೆಯೇ ಇದ್ದವು. ಹದಿನೇಳನೆಯ ವಯಸ್ಸಿನಲ್ಲಿ ಕಳೆದುಹೋದ ಒಂದು ಋತುವಿನ ಬೆಲೆ ಏನೆಂದು ಆಟ ಬಲ್ಲವರಿಗೆ ಹೇಳಬೇಕಾಗಿಲ್ಲ.

ಹುಡುಗನನ್ನು ಬೆಳೆಸಿದ ಕ್ಲಬ್ಬಿಗೂ ಏನಾದರೂ ಸಲ್ಲಬೇಕು ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಫಿಫಾ ನಿಯಮದಂತೆ ಅಂತರರಾಷ್ಟ್ರೀಯ ವರ್ಗಾವಣೆಯ ಶುಲ್ಕದಲ್ಲಿ ಶೇ 5ರಷ್ಟನ್ನು, ಆಟಗಾರನಿಗೆ 12ರಿಂದ 23 ವರ್ಷದ ನಡುವೆ ತರಬೇತಿ ಕೊಟ್ಟ ಕ್ಲಬ್ಬುಗಳಿಗೆ ವರ್ಷಗಳ ಲೆಕ್ಕದಲ್ಲಿ ಹಂಚಬೇಕು. ಆದರೆ ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳ ಮಣ್ಣಿನ ಮೈದಾನಗಳಿಂದ ಹೊರಡುವ ಹುಡುಗರು ಸಾಮಾನ್ಯವಾಗಿ ಹೋಗುವುದು ದೇಶದೊಳಗಿನ ಕ್ಲಬ್ಬುಗಳಿಗೆ, ಅದೂ ಹೆಚ್ಚಾಗಿ ಶುಲ್ಕವಿಲ್ಲದೆ. ಬೆಳಿಗ್ಗೆ ಆರಕ್ಕೆ ಬಂದು ಕೋನುಗಳನ್ನಿಟ್ಟು, ಮಕ್ಕಳಿಗೆ ಬಾಳೆಹಣ್ಣನ್ನೂ ತನ್ನ ಕೈಯಿಂದಲೇ ಕೊಡಿಸುವ ಬಡಾವಣೆಯ ಕೋಚ್‌ಗೆ ಅದರಲ್ಲಿ ಏನೂ ಬರುವುದಿಲ್ಲ. ಅವರ ಪಾಲು ನ್ಯಾಯವಾಗಿ, ಲಿಖಿತ ನಿಯಮದಂತೆ ಸಂದರೆ ಎನ್‌ಒಸಿಯನ್ನು ಬಿಗಿಹಿಡಿಯುವ ಚಾಳಿಗೆ ನೆಪವೂ ಉಳಿಯುವುದಿಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ರಾಜ್ಯ ತಂಡಗಳ ಸಂತೋಷ್ ಟ್ರೋಫಿಯನ್ನು ನಾಡಿಗೆ ತಂದವರಿಗೂ ಆಟದ ಅಕ್ಷರ ಕಲಿಸಿದ್ದು ಇಂಥ ಹೆಸರಿಲ್ಲದ ಕೋಚ್‌ಗಳೇ.

ಮಾತುಕತೆ ನಡೆಯುವಾಗ ಗುಟ್ಟು ಬೇಕು ಎಂಬುದು ನನಗೂ ಗೊತ್ತು, ಬೆಲೆ ಮೊದಲೇ ಹೊರಬಿದ್ದರೆ ವ್ಯವಹಾರವೇ ಕೆಡುತ್ತದೆ. ಸಹಿ ಬಿದ್ದ ಮೇಲೆ ಗುಟ್ಟು ಯಾರಿಗಾಗಿ? ಪ್ರತಿ ಋತುವಿನ ಕೊನೆಗೆ ಕ್ಲಬ್ಬು ಬಂದ ಆಟಗಾರರು, ಹೋದವರು, ಕೊಟ್ಟ ಮತ್ತು ಪಡೆದ ಶುಲ್ಕ, ಒಟ್ಟು ಸಂಬಳದ ವೆಚ್ಚ ಇವನ್ನು ಕನ್ನಡದಲ್ಲಿ ಒಂದು ಪುಟದಷ್ಟು ಪ್ರಕಟಿಸಲಿ, ಆಮೇಲೆ ಅಭಿಮಾನಿಗಳ ಮುಂದೆ ಎರಡು ಗಂಟೆ ಕುಳಿತು ಪ್ರಶ್ನೆಗಳಿಗೆ ಉತ್ತರಿಸಲಿ. ಕ್ಲಬ್ಬಿನ ಹೆಸರು, ಬಣ್ಣ, ಊರು ಇವುಗಳನ್ನು ಅಭಿಮಾನಿಗಳ ಒಪ್ಪಿಗೆಯಿಲ್ಲದೆ ಬದಲಿಸುವುದಿಲ್ಲ ಎಂದು ಬರೆದು ಕೊಡಲಿ. ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯು ಎನ್‌ಒಸಿ ನಿರಾಕರಿಸುವ ಕ್ಲಬ್ಬು ಏಳು ದಿನದೊಳಗೆ ಲಿಖಿತ ಕಾರಣ ಕೊಡಬೇಕೆಂದೂ, ಕೊಡದಿದ್ದರೆ ಒಪ್ಪಿಗೆ ಸಿಕ್ಕಿತೆಂದೇ ಭಾವಿಸಲಾಗುವುದೆಂದೂ ನಿಯಮ ಮಾಡಲಿ. ಇದಕ್ಕೆ ಖರ್ಚಿಲ್ಲ, ಇಚ್ಛೆ ಬೇಕಷ್ಟೆ.

ತಮ್ಮ ಪತ್ರಿಕೆಗೂ ಒಂದು ಕೋರಿಕೆಯಿದೆ. ಯುರೋಪಿನ ಟ್ರಾನ್ಸ್‌ಫರ್ ಸುದ್ದಿಗೆ ಕ್ರೀಡಾ ಪುಟದಲ್ಲಿ ನಿತ್ಯ ಜಾಗ ಸಿಗುತ್ತದೆ, ಅದನ್ನು ನಾವೂ ಆಸೆಯಿಂದ ಓದುತ್ತೇವೆ. ಮುಂದಿನ ಸಲ ನೋಂದಣಿಯ ಅವಧಿ ತೆರೆದಾಗ ಬೆಂಗಳೂರಿನ ಕ್ಲಬ್ಬುಗಳಿಗೆ, ಸೂಪರ್ ಡಿವಿಷನ್ ತಂಡಗಳೂ ಸೇರಿದಂತೆ, ತಮ್ಮ ವರದಿಗಾರರು ಇದೇ ಪ್ರಶ್ನೆಗಳನ್ನು ಕೇಳಿ, ಬಂದ ಉತ್ತರವನ್ನೂ ಬಾರದಿದ್ದರೆ ಬಾರಲಿಲ್ಲ ಎಂಬುದನ್ನೂ ಅಚ್ಚು ಹಾಕಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಹಳೆಯ ಓದುಗ,
ಹಲಸೂರು, ಬೆಂಗಳೂರು