ಬಂಧಿತರ ಹೆಸರು ಠಾಣೆಯ ಬೋರ್ಡಿಗೆ ಬರಲಿ: ಗೃಹ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರೇ,

ನಮಸ್ಕಾರ. ಜಿಲ್ಲಾ ನ್ಯಾಯಾಲಯವೊಂದರ ಗೇಟಿನ ಎದುರು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟುಕೊಂಡಿರುವವನು ನಾನು. ವಕೀಲನಲ್ಲ. ವಕಾಲತ್ತು, ಜಾಮೀನು ಅರ್ಜಿ, ಶ್ಯೂರಿಟಿ ಅಫಿಡವಿಟ್ಟುಗಳನ್ನು ಟೈಪ್ ಮಾಡುತ್ತ ಮಾಡುತ್ತ ಕಾನೂನು ಅಷ್ಟಿಷ್ಟು ತಲೆಗೆ ಹತ್ತಿದೆ. ಮನೆಯವರೊಬ್ಬರನ್ನು ಪೊಲೀಸರು ಕರೆದೊಯ್ದ ಮರುದಿನ ಬೆಳಿಗ್ಗೆ ಜನ ಮೊದಲು ಬರುವುದು ನಮ್ಮಂಥ ಅಂಗಡಿಗೆ. ಆಧಾರ್ ಜೆರಾಕ್ಸ್ ಮಾಡಿಸುವ ನೆಪದಲ್ಲಿ ಅವರು ಕೇಳುವುದು ಒಂದೇ ಪ್ರಶ್ನೆ: "ಅಣ್ಣಾ, ನಮ್ಮ ಹುಡುಗ ಎಲ್ಲಿದಾನೆ ಅಂತ ಹೆಂಗೆ ಗೊತ್ತಾಗುತ್ತೆ?"

ಜೆರಾಕ್ಸ್ ಅಂಗಡಿಯವನನ್ನು ಕೇಳಬೇಕಾದ ಪ್ರಶ್ನೆ ಇದಲ್ಲ. ಉತ್ತರ ಕೊಡಬೇಕಾದದ್ದು ನಿಮ್ಮ ಇಲಾಖೆ. ಹಾಗಂತ ಕಾನೂನೇ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಂ ರಾಜ್ಯ ಸರ್ಕಾರದ ಮೇಲೆ ನೇರ ಹೊಣೆ ಹೊರಿಸಿದೆ. ಪ್ರತಿ ಜಿಲ್ಲೆಯಲ್ಲೂ ಪ್ರತಿ ಠಾಣೆಯಲ್ಲೂ ಎಎಸ್‌ಐ (ಸಹಾಯಕ ಸಬ್ ಇನ್‌ಸ್ಪೆಕ್ಟರ್) ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ಬಂಧಿತರ ಹೆಸರು, ವಿಳಾಸ, ಯಾವ ಅಪರಾಧದ ಆರೋಪ ಎಂಬ ಮಾಹಿತಿ ಅವರ ಬಳಿ ಇರಬೇಕು. ಅದು ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎಲ್ಲರ ಕಣ್ಣಿಗೆ ಬೀಳುವಂತೆ ಪ್ರಕಟವಾಗಬೇಕು. ಡಿಜಿಟಲ್ ರೂಪದಲ್ಲಿದ್ದರೂ ಸರಿ. 48ನೇ ಕಲಂ ಪ್ರಕಾರ, ಬಂಧಿಸಿದ ಅಧಿಕಾರಿ ಬಂಧಿತ ಹೇಳಿದ ಸಂಬಂಧಿಕರಿಗೋ ಸ್ನೇಹಿತರಿಗೋ ಎಲ್ಲಿಟ್ಟಿದ್ದೇವೆ ಎಂಬುದನ್ನು ಕೂಡಲೇ ತಿಳಿಸಬೇಕು, ಜಿಲ್ಲೆಯ ಆ ನಿಯೋಜಿತ ಅಧಿಕಾರಿಗೂ ತಿಳಿಸಬೇಕು, ಪುಸ್ತಕದಲ್ಲಿ ಬರೆದಿಡಬೇಕು. ಇದೆಲ್ಲ ಪಾಲನೆಯಾಗಿದೆಯೇ ಎಂದು ನೋಡುವ ಕೆಲಸ ಮ್ಯಾಜಿಸ್ಟ್ರೇಟರದ್ದು.

ನಾನು ನೋಡಿದ ಠಾಣೆಗಳ ಗೋಡೆಯ ಮೇಲೆ ರೌಡಿಗಳ ಫೋಟೊ ಇದೆ, ಅಪರಾಧಗಳ ಅಂಕಿಅಂಶದ ಕರಿಹಲಗೆ ಇದೆ, ಜನಸ್ನೇಹಿ ಪೊಲೀಸ್ ಎಂಬ ಬರಹವೂ ಇದೆ. ಇವತ್ತು ಈ ಠಾಣೆಯಲ್ಲಿ ಯಾರು ಬಂಧನದಲ್ಲಿದ್ದಾರೆ ಎಂಬ ಹಾಳೆ ಮಾತ್ರ ಇಲ್ಲ. ಆ ನಿಯೋಜಿತ ಎಎಸ್‌ಐ ಯಾರು ಎಂದು ಕೇಳಿದರೆ ಬಾಗಿಲ ಕಾವಲಿನ ಸೆಂಟ್ರಿ, ಠಾಣೆಯ ಬರವಣಿಗೆ ನೋಡಿಕೊಳ್ಳುವ ರೈಟರ್ ಕಡೆ ಕೈ ತೋರಿಸುತ್ತಾರೆ, ರೈಟರ್ "ಸಾಹೇಬ್ರು ರೌಂಡ್ಸಲ್ಲಿದಾರೆ" ಅನ್ನುತ್ತಾರೆ.

ಹೆಸರು ಬೋರ್ಡಿಗೆ ಬಂದರೆ ಆರೋಪ ಸಾಬೀತಾಗುವ ಮುಂಚೆಯೇ ಮಾನ ಹೋಗುತ್ತದೆ ಎಂದು ಯಾರಾದರೂ ಆಕ್ಷೇಪಿಸಬಹುದು. ಆ ಮಾತಿನಲ್ಲಿ ಹುರುಳಿದೆ. ಮಕ್ಕಳ ವಿಷಯದಲ್ಲಿ, ಸಂತ್ರಸ್ತೆಯ ಗುರುತು ಹೊರಬೀಳುವ ಪ್ರಕರಣಗಳಲ್ಲಿ ಹೆಸರು ಹಾಕಲೇಕೂಡದು. ಆದರೆ ವಶಪಡಿಸಿಕೊಂಡ ಬೈಕುಗಳ ಹಿಂದೆ ಆರೋಪಿಗಳನ್ನು ಸಾಲಾಗಿ ನಿಲ್ಲಿಸಿ ಪತ್ರಿಕೆಯವರಿಗೆ ಫೋಟೊ ಕೊಡುವಾಗ ಈ ಮಾನದ ಪ್ರಶ್ನೆ ಯಾರಿಗೂ ನೆನಪಾಗುವುದಿಲ್ಲವಲ್ಲ! ಊರಿಗೆಲ್ಲ ಮುಖ ತೋರಿಸಲು ಪುರುಸೊತ್ತಿದೆ, ಹೆತ್ತವರಿಗೆ ಒಂದು ಫೋನ್ ಮಾಡಲು ಇಲ್ಲ. ನಾನು ಕೇಳುತ್ತಿರುವುದು ಠಾಣೆಯೊಳಗಿನ ಒಂದು ಹಾಳೆ, ಜಿಲ್ಲಾ ಕಂಟ್ರೋಲ್ ರೂಮಿನಲ್ಲಿ ಫೋನ್ ಎತ್ತಿ ಹೌದು, ಇಲ್ಲ ಎನ್ನುವ ಒಬ್ಬರು. ಫೇಸ್‌ಬುಕ್ ಪೋಸ್ಟ್ ಅಲ್ಲ.

ಮೊದಲ ರಾತ್ರಿ ಏನಾಗುತ್ತದೆ ಎಂಬುದು ನಿಮಗೆ ಗೊತ್ತಿಲ್ಲದ್ದೇನಲ್ಲ. "ಅರೆಸ್ಟ್ ಮಾಡಿಲ್ಲಮ್ಮ, ವಿಚಾರಣೆಗೆ ಅಂತ ಕರ್ಕೊಂಡು ಬಂದಿದೀವಿ, ಬೆಳಿಗ್ಗೆ ಬನ್ನಿ." ಬೆಳಿಗ್ಗೆ ಹೋದರೆ, ಮೆಡಿಕಲ್‌ಗೆ ಕರ್ಕೊಂಡು ಹೋಗಿದಾರೆ. ಆಸ್ಪತ್ರೆಗೆ ಓಡಿದರೆ ಅಲ್ಲಿಂದ ಆಗಲೇ ಕೋರ್ಟಿಗೆ. ಕೋರ್ಟಿಗೆ ಬರುವಷ್ಟರಲ್ಲಿ ಕಲಾಪ ಮುಗಿದು "ಜೆಸಿ ಆಯ್ತು" ಎಂದು ಯಾರೋ ಹೇಳುತ್ತಾರೆ. ಜೆಸಿ ಅಂದರೆ ನ್ಯಾಯಾಂಗ ಬಂಧನ, ಅಂದರೆ ಜೈಲು, ಎಂದು ಬಿಡಿಸಿ ಹೇಳುವುದು ಚಹಾದಂಗಡಿಯ ಪಕ್ಕ ನಿಂತಿರುವ ಮಧ್ಯವರ್ತಿ. ಅವನು ಬಿಡಿಸಿ ಹೇಳುವುದಷ್ಟೇ ಅಲ್ಲ, ರೇಟನ್ನೂ ಹೇಳುತ್ತಾನೆ. ಭಾನುವಾರವೋ ಹಬ್ಬದ ದಿನವೋ ಆದರೆ ಹಾಜರುಪಡಿಸುವುದು ನ್ಯಾಯಾಧೀಶರ ಮನೆಯಲ್ಲಿ. ಬೆಂಗಳೂರಾದರೆ ನ್ಯಾಯಾಧೀಶರ ಮನೆಗಳಿರುವ ಕೋರಮಂಗಲದ ಎನ್‌ಜಿವಿ (ನ್ಯಾಷನಲ್ ಗೇಮ್ಸ್ ವಿಲೇಜ್) ಎಂದು ಪೇಪರ್ ಓದುವವರಿಗೆ ಗೊತ್ತು. ಬೀಗ ಹಾಕಿದ ಕೋರ್ಟ್ ಹಾಲಿನ ಮುಂದೆ ದಿನವಿಡೀ ಕಾದು ಕುಳಿತ ತಾಯಿಗೆ ಅದನ್ನು ಹೇಳಿದವರಿಲ್ಲ.

ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳಿದೆ. ಆ ಗಡಿಯಾರ ಯಾವಾಗ ಶುರುವಾಯಿತು ಎಂಬುದರಲ್ಲೇ ಎಲ್ಲ ಕಿತಾಪತಿ. ಬಂಧನದ ಮೆಮೊ ಬರೆಯಬೇಕು, ಅದಕ್ಕೆ ಮನೆಯವರೊಬ್ಬರೋ ಊರಿನ ಗಣ್ಯರೊಬ್ಬರೋ ಸಾಕ್ಷಿ ಹಾಕಬೇಕು, ಬಂಧಿತನ ಸಹಿ ಬೇಕು. ಪೊಲೀಸ್ ವಶದಲ್ಲಿನ ಸಾವುಗಳ ಕುರಿತ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಈ ನಿಯಮ ಈಗ ಸಂಹಿತೆಯಲ್ಲೇ ಇದೆ. ರಾತ್ರಿ ಊಟಕ್ಕೆ ಕೂತವನನ್ನು ಎಬ್ಬಿಸಿಕೊಂಡು ಹೋಗಿ, ಮೆಮೊದಲ್ಲಿ ಮರುದಿನ ಬೆಳಿಗ್ಗೆಯ ಸಮಯ ಬರೆದ ಪ್ರತಿಗಳನ್ನು ನಾನು ಜೆರಾಕ್ಸ್ ಮಾಡಿಕೊಟ್ಟಿದ್ದೇನೆ. ಸಹಿ ಹಾಕಿದವರಿಗೆ ಅಲ್ಲಿ ಏನು ಬರೆದಿದೆ ಎಂದು ನೋಡುವ ಧೈರ್ಯ ಎಲ್ಲಿಂದ ಬರಬೇಕು?

ಇನ್ನು ಬಂಧನದ ಕಾರಣ. 2025ರ ನವೆಂಬರ್‌ನಲ್ಲಿ ಮಿಹಿರ್ ರಾಜೇಶ್ ಶಾ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಂಡತುಂಡವಾಗಿ ಹೇಳಿದೆ. ಯಾವುದೇ ಅಪರಾಧವಿರಲಿ, ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು. ಆ ಗಳಿಗೆಯಲ್ಲಿ ಬರೆದು ಕೊಡಲು ಆಗದಿದ್ದರೆ ಬಾಯಲ್ಲಿ ಹೇಳಿ, ರಿಮಾಂಡಿಗೆ, ಅಂದರೆ ಬಂಧನದಲ್ಲೇ ಮುಂದುವರಿಸುವ ಆದೇಶಕ್ಕೆ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲಾದರೂ ಲಿಖಿತವಾಗಿ ಮುಟ್ಟಿಸಬೇಕು. ತಪ್ಪಿದರೆ ಬಂಧನ ಮತ್ತು ರಿಮಾಂಡ್ ಎರಡೂ ಅಕ್ರಮ. ಅಂದಮೇಲೆ ಇದು ಆರೋಪಿಗೆ ಮಾಡುವ ಉಪಕಾರವಲ್ಲ. ಕೊಡದಿದ್ದರೆ ಬೀಳುವುದು ನಿಮ್ಮದೇ ಪೊಲೀಸರ ಕೇಸು. ನಮ್ಮಲ್ಲಿ ಕನ್ನಡದ ಒಂದು ಅಚ್ಚುಕಟ್ಟಾದ ನಮೂನೆ ಸಾಕು. ಉತ್ತರದಿಂದ ಕಟ್ಟಡದ ಕೆಲಸಕ್ಕೆ ಬಂದವರಿಗೆ ಹಿಂದಿಯಲ್ಲೋ ಬಂಗಾಳಿಯಲ್ಲೋ ಇನ್ನೊಂದು. ಅದರ ಕೊನೆಯಲ್ಲಿ ಎರಡು ಸಾಲು ಸೇರಿಸಿ: ಬಂಧನದಲ್ಲಿರುವ ಯಾರಿಗೇ ಆದರೂ ಆದಾಯ ಎಷ್ಟೆಂದು ಕೇಳದೆ ಉಚಿತ ವಕೀಲರು ಸಿಗುತ್ತಾರೆ, ಕಾನೂನು ಸೇವೆಗಳ ಸಹಾಯವಾಣಿ 15100. ಚಹಾದಂಗಡಿಯ ಮಧ್ಯವರ್ತಿಯ ಅರ್ಧ ವ್ಯಾಪಾರ ಆ ಎರಡು ಸಾಲಿಗೇ ನಿಂತುಹೋಗುತ್ತದೆ.

ಜೈಲೂ ನಿಮ್ಮ ಖಾತೆಗೇ ಸೇರಿದ್ದು. ಒಳಗೆ ಹೋದವನನ್ನು ಜಡತಿ ಮಾಡಿ, ಮೈಮೇಲಿನ ವಸ್ತುಗಳನ್ನು ಬರೆದುಕೊಂಡು, ವೈದ್ಯರಿಗೆ ತೋರಿಸಿ, ಒಂದು ವಿಚಾರಣಾಧೀನ ಕೈದಿ ಸಂಖ್ಯೆ ಕೊಡುತ್ತಾರೆ. ಹೊರಗಿನವರಿಗೆ ಅಲ್ಲಿಂದ ಮುಂದೆ ಆ ಸಂಖ್ಯೆಯೇ ಅವನ ಹೆಸರು. ಸಂದರ್ಶನಕ್ಕೆ, ಅವನ ಖಾತೆಗೆ ನಾಲ್ಕು ಕಾಸು ಕಟ್ಟಲಿಕ್ಕೆ, ಎಲ್ಲಕ್ಕೂ ಅದನ್ನೇ ಕೇಳುತ್ತಾರೆ. ಆದರೆ ಸಂಖ್ಯೆ ಏನೆಂದು ಮನೆಗೆ ತಿಳಿಸುವ ಏರ್ಪಾಡು ಕಾಣೆ. ತಾಲ್ಲೂಕು ಉಪ ಕಾರಾಗೃಹದಲ್ಲಿದ್ದಾನೋ, ಜಿಲ್ಲಾ ಕಾರಾಗೃಹಕ್ಕೆ ಕಳಿಸಿದರೋ ಎಂಬುದೂ ಅಲ್ಲಿಗೆ ಹೋಗಿ ನಿಂತ ಮೇಲೆ ಗೊತ್ತಾಗಬೇಕು. ಸಕ್ಕರೆ ಕಾಯಿಲೆಯ ಗಂಡನಿಗೆ ಮಾತ್ರೆ ಚೀಟಿ ಕೊಡಬೇಕೆಂದು ಪ್ಲಾಸ್ಟಿಕ್ ಕವರ್ ಹಿಡಿದುಕೊಂಡು ಊರಿಂದೂರಿಗೆ ಬಸ್ ಹತ್ತಿದ ಹೆಂಗಸರನ್ನು ಕಂಡಿದ್ದೇನೆ. ದಾಖಲಾತಿಯ ಹೊತ್ತಿಗೆ ಹೇಗೂ ಅವನಿಂದ ಒಂದು ಫೋನ್ ನಂಬರ್ ಬರೆಸಿಕೊಳ್ಳಬಹುದಲ್ಲ? ಆ ನಂಬರಿಗೆ ಕನ್ನಡದಲ್ಲಿ ಒಂದು ಎಸ್ಎಂಎಸ್: ಯಾವ ಜೈಲು, ಯಾವ ಸಂಖ್ಯೆ, ಭೇಟಿಗೆ ಯಾವ ದಿನ. ವಿದ್ಯುತ್ ಬಿಲ್ಲಿಗೆ ಎಸ್ಎಂಎಸ್ ಬರುವ ಕಾಲ ಇದು.

ಜಾಮೀನಿಗೆ ಬರುತ್ತೇನೆ. ಕೊಡುವುದು ಬಿಡುವುದು ನ್ಯಾಯಾಲಯದ ವಿವೇಚನೆ, ಅದರಲ್ಲಿ ನೀವೂ ನಾನೂ ಬಾಯಿ ಹಾಕುವಂತಿಲ್ಲ. ಆದರೆ ಜಾಮೀನು ಸಿಕ್ಕಿತು ಎಂದು ಲಡ್ಡು ಹಂಚಿದವರು ಮತ್ತೆ ವಾರಗಟ್ಟಲೆ ನಮ್ಮ ಅಂಗಡಿಗೆ ಅಲೆಯುವುದು ಶ್ಯೂರಿಟಿಗಾಗಿ. ಆದೇಶದಲ್ಲಿ ಇಂತಿಷ್ಟು ಮೊತ್ತದ ಬಾಂಡು, ಅಷ್ಟೇ ಮೊತ್ತಕ್ಕೆ ಒಬ್ಬರೋ ಇಬ್ಬರೋ ಜಾಮೀನುದಾರರು ಎಂದಿರುತ್ತದೆ. ಜಾಮೀನುದಾರನೆಂದರೆ ಆಸ್ತಿ ಇರುವವನು. ಚಾಲ್ತಿ ವರ್ಷದ ಪಹಣಿ, ಮ್ಯುಟೇಶನ್, ವ್ಯಾಲ್ಯುಯೇಶನ್ ಸರ್ಟಿಫಿಕೇಟ್, ಆಧಾರ್, ಫೋಟೊ. ನಮ್ಮ ಹಳ್ಳಿಗಳಲ್ಲಿ ಎಷ್ಟು ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇವೆ ಎಂಬುದನ್ನು ಕಂದಾಯ ಸಚಿವರನ್ನು ಕೇಳಿ ನೋಡಿ, ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವ ಪೌತಿ ಖಾತೆಯ ಆಂದೋಲನ ನಡೆಸುವಷ್ಟು ಇವೆ. ಪೌತಿ ಆಗದ ಜಮೀನಿಟ್ಟುಕೊಂಡ ಚಿಕ್ಕಪ್ಪ ಬೆಳೆ ತೆಗೆಯಬಹುದು, ಜಾಮೀನು ನಿಲ್ಲಲಾರ. ಹಕ್ಕುಪತ್ರವಿಲ್ಲದೆ ಸರ್ಕಾರಿ ಜಮೀನು ಉಳುವ ಬಗರ್ ಹುಕುಂ ಸಾಗುವಳಿಯವನೂ ನಿಲ್ಲಲಾರ. ಜಂಟಿ ಖಾತೆಯಾದರೆ ಅಣ್ಣತಮ್ಮಂದಿರ ಒಪ್ಪಿಗೆ ಬೇಕೆಂಬ ತಕರಾರು.

ಕೊನೆಗೆ ಊರಿನ ಯಜಮಾನರ ಮನೆಬಾಗಿಲಿಗೇ ಹೋಗಬೇಕು. ಅವರು ಪಾಪ, ಬಂದು ಸಹಿ ಹಾಕುತ್ತಾರೆ. ಆದರೆ ಆಮೇಲೆ ಅಡಿಕೆ ಸುಲಿಯುವ ಕಾಲ ಬಂದಾಗ ಆರೋಪಿಯ ಮನೆಯವರು ಕೂಲಿ ಎಷ್ಟೆಂದು ಕೇಳುವ ಹಾಗಿಲ್ಲ. ಪಂಚಾಯ್ತಿ ಚುನಾವಣೆ ಬಂದಾಗ ಯಾರಿಗೆ ಎಂದು ಕೇಳುವ ಹಾಗೂ ಇಲ್ಲ. ಇದ್ಯಾವುದೂ ಬಾಂಡ್ ಪೇಪರಿನಲ್ಲಿ ಬರೆದಿರುವುದಿಲ್ಲ, ಟೈಪ್ ಮಾಡಿದವನು ನಾನೇ. ಅಂಥ ಯಜಮಾನರೂ ಇಲ್ಲದವರು ಬಾಡಿಗೆ ಜಾಮೀನುದಾರರ ಕೈಗೆ ಬೀಳುತ್ತಾರೆ. ಅವರ ಪಹಣಿ ಅಸಲಿಯೋ ನಕಲಿಯೋ ಆ ದೇವರಿಗೇ ಗೊತ್ತು, ಸಿಕ್ಕಿಬಿದ್ದರೆ ಇನ್ನೊಂದು ಕೇಸು.

ಮೋತಿರಾಮ್ ಎಂಬ ಗಾರೆ ಕೆಲಸದವನ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದ್ದರು. ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಆ ಶ್ಯೂರಿಟಿಯನ್ನು ತಳ್ಳಿಹಾಕಿದ್ದರು. ಇದು ಸಲ್ಲದು ಎಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದದ್ದು 1978ರಲ್ಲಿ. ಬಾಂಡಿನ ಮೊತ್ತ ಅತಿಯಾಗಿರಬಾರದೆಂದು ಸಂಹಿತೆಯೇ ಹೇಳುತ್ತದೆ. ಜಾಮೀನು ಕೊಡಲೇಬೇಕಾದ ಸಣ್ಣ ಅಪರಾಧಗಳಲ್ಲಿ ಒಂದು ವಾರದೊಳಗೆ ಜಾಮೀನುದಾರರನ್ನು ಒದಗಿಸಲಾಗದವನನ್ನು ಬಡವನೆಂದೇ ಭಾವಿಸಿ ಸ್ವಂತ ಬಾಂಡಿನ ಮೇಲೆ ಬಿಡಬೇಕು. ದೊಡ್ಡ ಪ್ರಕರಣಗಳಿಗೆ 2023ರ ಜನವರಿ 31ರ ಸುಪ್ರೀಂ ಕೋರ್ಟ್ ಆದೇಶವಿದೆ: ಜಾಮೀನು ಆದೇಶ ಅಂದೇ ಅಥವಾ ಮರುದಿನ ಇಮೇಲ್ ಮೂಲಕ ಜೈಲು ಅಧೀಕ್ಷಕರಿಗೆ ತಲುಪಬೇಕು. ಏಳು ದಿನದೊಳಗೆ ಬಿಡುಗಡೆಯಾಗದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ತಿಂಗಳಾದರೂ ಬಾಂಡು ಬರದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ಅದೇ ವರ್ಷ ಕೇಂದ್ರ ಗೃಹ ಇಲಾಖೆ ಬಡ ಕೈದಿಗಳಿಗೆ ನೆರವಿನ ಯೋಜನೆ ತಂದು, ವಿಚಾರಣಾಧೀನ ಕೈದಿಗೆ 40,000 ರೂಪಾಯಿವರೆಗೆ ಸಹಾಯ ಮಾಡುವುದಾಗಿ ಹೇಳಿತು. ಜಿಲ್ಲಾಧಿಕಾರಿ, ಎಸ್‌ಪಿ, ಜೈಲು ಅಧೀಕ್ಷಕರೆಲ್ಲ ಕೂತು ತೀರ್ಮಾನಿಸುವ ಸಮಿತಿಯೂ ಅದರಲ್ಲಿದೆ. ನನ್ನ ಅಂಗಡಿಗೆ ಬಂದ ಯಾರ ಬಾಯಲ್ಲೂ ಈ ಯೋಜನೆಯ ಹೆಸರು ನಾನು ಕೇಳಿಲ್ಲ.

ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ) 2022ರ ವರದಿ ಪ್ರಕಾರ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಇವರೆಲ್ಲ ಅಮಾಯಕರೆಂದು ನಾನು ಹೇಳಲಾರೆ. ನಮ್ಮೂರಿನ ಒಬ್ಬಿಬ್ಬರು ಒಳಗಿದ್ದರೇ ಊರಿಗೆ ನೆಮ್ಮದಿ ಎಂದು ನನಗೂ ಅನ್ನಿಸಿದ್ದುಂಟು. ಆದರೆ ಒಳಗಿಡುವ ತೀರ್ಮಾನ ನ್ಯಾಯಾಧೀಶರದ್ದಾಗಿರಬೇಕು. ಬಿಡಿ ಎಂದು ಅವರು ಆದೇಶ ಬರೆದ ಮೇಲೂ ಅಜ್ಜನ ಹೆಸರಿನ ಪಹಣಿಯೊಂದು ಒಬ್ಬನನ್ನು ಒಳಗೇ ಹಿಡಿದಿಟ್ಟಿದ್ದರೆ ಅದಕ್ಕೆ ಯಾವ ಕಲಂ?

ಹೊಸ ಕಾನೂನನ್ನಾಗಲಿ ಬಜೆಟ್ಟನ್ನಾಗಲಿ ನಾನು ಕೇಳುತ್ತಿಲ್ಲ. 37ನೇ ಕಲಂ ಪ್ರಕಾರ ನೇಮಕವಾದ ಅಧಿಕಾರಿಗಳ ಹೆಸರು, ಫೋನ್ ನಂಬರನ್ನು ಠಾಣಾವಾರು ಪ್ರಕಟಿಸಿ. ಇನ್ನೂ ನೇಮಿಸಿಲ್ಲವಾದರೆ ಮೊದಲು ನೇಮಿಸಿ. ಬಂಧನದ ಕಾರಣದ ನಮೂನೆಯನ್ನು ಕನ್ನಡದಲ್ಲಿ ಮುದ್ರಿಸಿ ಪ್ರತಿ ಠಾಣೆಗೂ ಕಳಿಸಿ. ಜಾಮೀನಾಗಿಯೂ ಏಳು ದಿನ ದಾಟಿ ಒಳಗಿರುವವರ ಪಟ್ಟಿಯನ್ನು ಪ್ರತಿ ಸೋಮವಾರ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕಳಿಸಲು ಜೈಲು ಅಧೀಕ್ಷಕರಿಗೆ ಹೇಳಿ, ಬಡ ಕೈದಿಗಳ ಸಮಿತಿ ನಿಮ್ಮ ತವರು ಜಿಲ್ಲೆಯಲ್ಲಿ ಕೊನೆಯ ಬಾರಿ ಸೇರಿದ್ದು ಯಾವಾಗ ಎಂದು ಒಮ್ಮೆ ವಿಚಾರಿಸಿ. ಸುತ್ತೋಲೆ ಹೊರಡಿಸಿದರೆ ಅದರ ಪ್ರತಿ ಇಲಾಖೆಯ ಜಾಲತಾಣದಲ್ಲಿ ಕನ್ನಡದಲ್ಲೇ ಇರಲಿ. ಪ್ರಿಂಟ್ ತೆಗೆದು ಅಂಗಡಿಯ ಮುಂದೆ ಅಂಟಿಸುವ ಖರ್ಚು ನನ್ನದು.

ಇಂತಿ,
ಕೋರ್ಟ್ ರಸ್ತೆಯ ಒಬ್ಬ ಜೆರಾಕ್ಸ್ ಅಂಗಡಿಯವ