ಕೆಂಪು ಮೇಪಲ್ ಎಂದ ಮಾತ್ರಕ್ಕೆ ಎಲೆ ಕೆಂಪಾಗುವುದಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಶರತ್ಕಾಲದ ಬಣ್ಣಕ್ಕಾಗಿ ಮನೆಯಂಗಳದಲ್ಲಿ ಕೆಂಪು ಮೇಪಲ್ ಬೆಳೆಸುವ ಕುರಿತು ತಮ್ಮ ಪತ್ರಿಕೆಯ ತೋಟಗಾರಿಕೆ ಪುಟದಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಬಿಸಿಲು ಬೀಳುವ ಜಾಗ ಬೇಕು, ಮೊದಲ ವರ್ಷಗಳಲ್ಲಿ ನೀರು ತಪ್ಪಿಸಬಾರದು ಎಂಬ ಸಲಹೆಗಳು ಸರಿಯಾಗಿಯೇ ಇವೆ. ಆದರೆ ಸಸಿ ನೆಟ್ಟು ಕೆಲವು ವರ್ಷ ಕಾದರೆ ಎಲೆ ಕೆಂಪಾಗುವುದು ಖಚಿತ ಎಂಬ ಅರ್ಥ ಬರುವಂತೆ ಲೇಖನ ಮುಗಿದಿರುವುದರಿಂದ ಈ ಪತ್ರ ಬರೆಯಬೇಕಾಯಿತು. ಈ ಮರದ ಬಣ್ಣ ಬಹುಮಟ್ಟಿಗೆ ಸಸಿಯನ್ನು ಆರಿಸಿದ ದಿನವೇ ತೀರ್ಮಾನವಾಗಿರುತ್ತದೆ. ಆಮೇಲಿನ ಆರೈಕೆ ಆ ಬಣ್ಣವನ್ನು ಉಳಿಸಬಹುದು ಅಥವಾ ಕೆಡಿಸಬಹುದು, ಇಲ್ಲದ ಬಣ್ಣವನ್ನು ತರಲಾರದು.

ಇದನ್ನು ನಾನು ಕಲಿತದ್ದು ಸ್ವಂತ ತಪ್ಪಿನಿಂದ. ಬೀಜದಿಂದ ಎಬ್ಬಿಸಿದ, ತಳಿಯ ಹೆಸರಿಲ್ಲದ ಸಸಿಯೊಂದನ್ನು ಕಡಿಮೆ ಬೆಲೆಗೆ ಸಿಕ್ಕಿತೆಂದು ತಂದು ನೆಟ್ಟೆ. ಅದು ಸೊಗಸಾಗಿ ಬೆಳೆಯಿತು, ಆದರೆ ಪ್ರತಿ ಶರತ್ಕಾಲದಲ್ಲೂ ತಿಳಿ ಹಳದಿಗೆ ತಿರುಗಿ ಎಲೆ ಉದುರಿಸಿತು. ಮಾರಿದವರು ಸುಳ್ಳು ಹೇಳಿರಲಿಲ್ಲ. ಅದು ಕೆಂಪು ಮೇಪಲ್ಲೇ ಆಗಿತ್ತು. ಸಸ್ಯವಿಜ್ಞಾನಿ ಲಿನಿಯಸ್ 1753ರಲ್ಲಿ ಈ ಮರಕ್ಕೆ ಏಸರ್ ರೂಬ್ರಮ್ ಎಂದು ಹೆಸರಿಟ್ಟಿದ್ದಾನೆ, ರೂಬ್ರಮ್ ಎಂದರೆ ಕೆಂಪು ಎಂಬುದೂ ನಿಜ. ಆದರೆ ಆ ಕೆಂಪನ್ನು ಕಾಣಲು ಶರತ್ಕಾಲದವರೆಗೆ ಕಾಯಬೇಕಿಲ್ಲ. ಎಲೆ ಚಿಗುರುವ ಮೊದಲೇ ಬರಿಯ ಕೊಂಬೆಗಳ ಮೇಲೆ ಅರಳುವ ಪುಟ್ಟ ಹೂಗೊಂಚಲು, ಚಳಿಗಾಲದ ಮೊಗ್ಗು, ಎಳೆಯ ರೆಂಬೆ, ಎಲೆಯ ತೊಟ್ಟು, ಇವೆಲ್ಲವೂ ಸಾಮಾನ್ಯವಾಗಿ ಕೆಂಪೇ. ಉದುರುವ ಮುನ್ನ ಎಲೆಯ ಬಣ್ಣ ಮಾತ್ರ ಮರದಿಂದ ಮರಕ್ಕೆ ಬೇರೆ: ಹಳದಿ, ಕಿತ್ತಳೆ, ಕಡುಗೆಂಪು, ಕೆಲವೊಮ್ಮೆ ಒಂದೇ ಮರದಲ್ಲಿ ಮೂರೂ.

ಇದಕ್ಕೆ ಕಾರಣ ಎಲೆಯೊಳಗೇ ಇದೆ. ಹಗಲು ಕಿರಿದಾಗುತ್ತಾ ಬಂದಂತೆ ಎಲೆಯಲ್ಲಿನ ಪತ್ರಹರಿತ್ತು ಒಡೆಯತೊಡಗುತ್ತದೆ. ಆಗ ಹೊರಗೆ ಕಾಣುವ ಹಳದಿ, ಬೇಸಿಗೆಯುದ್ದಕ್ಕೂ ಹಸಿರಿನ ಹಿಂದೆ ಅಡಗಿದ್ದ ಕ್ಯಾರೊಟಿನಾಯ್ಡ್ ಎಂಬ ಬಣ್ಣದ್ರವ್ಯಗಳದ್ದು. ಅದಕ್ಕೆ ಮರ ಹೊಸದಾಗಿ ಏನನ್ನೂ ಮಾಡಬೇಕಿಲ್ಲ. ಕೆಂಪಿನ ವಿಷಯ ಹಾಗಲ್ಲ. ಆಂಥೋಸಯಾನಿನ್ ಎಂಬ ಆ ಬಣ್ಣದ್ರವ್ಯವನ್ನು ಎಲೆ ತನ್ನ ಕೊನೆಯ ವಾರಗಳಲ್ಲಿ, ತನ್ನಲ್ಲಿ ಉಳಿದ ಸಕ್ಕರೆಯಿಂದ, ಹೊಸದಾಗಿ ತಯಾರಿಸಬೇಕು. ಹಗಲು ಬಿಸಿಲು, ರಾತ್ರಿ ಹೆಪ್ಪುಗಟ್ಟದಷ್ಟು ತಂಪು ಇದ್ದರೆ ಕೆಂಪು ಚೆನ್ನಾಗಿ ಬರುತ್ತದೆ; ಮೋಡ, ಜಡಿಮಳೆ, ಬೆಚ್ಚನೆಯ ರಾತ್ರಿಗಳು ಜೊತೆಗೂಡಿದರೆ ಒಳ್ಳೆಯ ತಳಿಯೂ ಆ ವರ್ಷ ಮಂಕಾಗುತ್ತದೆ. ಆದರೆ ಆ ದ್ರವ್ಯವನ್ನು ಎಷ್ಟು ಮಾಡಬಲ್ಲದು ಎಂಬುದು ಮರದ ಹುಟ್ಟುಗುಣ. ಬೀಜದ ಸಸಿಯಲ್ಲಿ ಆ ಗುಣ ಹೇಗಿದೆಯೆಂದು ಎಳವೆಯ ಹಸಿರೆಲೆ ನೋಡಿ ಹೇಳಲಾಗದು.

ಆದ್ದರಿಂದ ಬಣ್ಣವೇ ಮುಖ್ಯವೆನ್ನುವವರು ಹೆಸರುಳ್ಳ ತಳಿಯನ್ನೇ ಆರಿಸಿಕೊಳ್ಳಬೇಕು, ಸಾಧ್ಯವಿದ್ದರೆ ಆ ತಳಿಯ ಬೆಳೆದ ಮರವನ್ನು ಶರತ್ಕಾಲದಲ್ಲೇ ಕಣ್ಣಾರೆ ನೋಡಿ ಬರಬೇಕು. ಅಕ್ಟೋಬರ್ ಗ್ಲೋರಿ, ರೆಡ್ ಸನ್‌ಸೆಟ್ ಎರಡೂ ಕೆಂಪಿಗೆ ಹೆಸರಾದವು. ಇವುಗಳಲ್ಲಿ ಅಕ್ಟೋಬರ್ ಗ್ಲೋರಿ ತಡವಾಗಿ ಬಣ್ಣ ತಿರುಗುವುದರಿಂದ, ಚಳಿ ಬೇಗ ಬರುವ ಪ್ರದೇಶಗಳಲ್ಲಿ ಕೆಂಪೇರುವ ಮೊದಲೇ ಹಿಮಕ್ಕೆ ಸಿಕ್ಕಿ ಎಲೆ ಕಮರುವುದುಂಟು. ಅಂಥ ಕಡೆ ರೆಡ್ ಸನ್‌ಸೆಟ್ ಮೇಲು. ಆಟಮ್ ಬ್ಲೇಜ್ ಎಂಬ ಬಹು ಜನಪ್ರಿಯ ತಳಿ ಶುದ್ಧ ಕೆಂಪು ಮೇಪಲ್ ಅಲ್ಲ, ಬೆಳ್ಳಿ ಮೇಪಲ್ ಜೊತೆಗಿನ ಮಿಶ್ರತಳಿ. ಬಣ್ಣವೂ ಬೆಳವಣಿಗೆಯ ವೇಗವೂ ಅದರಲ್ಲಿ ಚೆನ್ನಾಗಿವೆ, ಆದರೆ ಗಾಳಿಮಳೆಗೆ ಕೊಂಬೆ ಸೀಳುವ ದೂರನ್ನೂ ಕೇಳುತ್ತೇವೆ. ಇನ್ನೊಂದು ಮಾತನ್ನು ಲೇಖಕರು ಹೇಳಿದ್ದರೆ ಒಳ್ಳೆಯದಿತ್ತು: ಕೆಂಪು ಮೇಪಲ್‌ನಲ್ಲಿ ಕಸಿ ಕೆಲವೊಮ್ಮೆ ಒಗ್ಗುವುದಿಲ್ಲ. ಮೊದಲು ಚೆನ್ನಾಗಿಯೇ ಕಂಡು, ವರ್ಷಗಳ ನಂತರ ಕಸಿಯ ಜಾಗದಲ್ಲೇ ಮುರಿಯಬಹುದು. ಆದಕಾರಣ ಕಡ್ಡಿಯಿಂದ ಬೇರು ಬರಿಸಿದ, ತನ್ನದೇ ಬೇರಿನ ಮೇಲೆ ನಿಂತ ಸಸಿಯನ್ನು ಕೇಳಿ ಪಡೆಯುವುದು ಜಾಣತನ.

ಮಣ್ಣಿನ ಬಗ್ಗೆ ಲೇಖನದಲ್ಲಿ "ಯಾವ ಮಣ್ಣಾದರೂ ಆದೀತು" ಎಂದಿದೆ. ಇದನ್ನು ಒಪ್ಪಲಾರೆ. ಪೂರ್ವ ಉತ್ತರ ಅಮೆರಿಕದ ಜೌಗು ಅಂಚಿನಿಂದ ಒಣ ಇಳಿಜಾರಿನವರೆಗೂ ಈ ಮರ ತಾನಾಗಿ ಬೆಳೆಯುತ್ತದೆ ಎಂಬುದು ಸತ್ಯ, ನೀರು ನಿಂತರೂ ತಾಳಿಕೊಳ್ಳುತ್ತದೆ ಎಂಬುದೂ ಸತ್ಯ. ಅದು ತಾಳದಿರುವುದು ಸುಣ್ಣವನ್ನು. ಕ್ಷಾರೀಯ ಮಣ್ಣಿನಲ್ಲಿ ಮ್ಯಾಂಗನೀಸ್ ಇದ್ದರೂ ಬೇರಿಗೆ ದಕ್ಕುವುದಿಲ್ಲ. ನರಗಳು ಹಸಿರಾಗಿ ಉಳಿದು ನಡುವಿನ ಎಲೆ ಬಿಳಚಿಕೊಳ್ಳುತ್ತದೆ, ಅಂಚು ಸುಡುತ್ತದೆ, ಅಂಥ ಎಲೆಯಲ್ಲಿ ಕೆಂಪು ಮಾಡುವಷ್ಟು ಸಕ್ಕರೆಯೂ ಇರುವುದಿಲ್ಲ. ನೆಡುವ ಮೊದಲೇ ಮಣ್ಣಿನ ರಸಸಾರ (ಹುಳಿ-ಕ್ಷಾರದ ಅಳತೆ, pH) ಪರೀಕ್ಷಿಸಿ, 6.5ಕ್ಕಿಂತ ಕೆಳಗಿದ್ದರೆ ನಿಶ್ಚಿಂತೆಯಿಂದ ಮುಂದುವರಿಯಬಹುದು. 7ನ್ನು ದಾಟಿದ್ದರೆ ಬೇರೆ ಮರವನ್ನು ಯೋಚಿಸುವುದು ಲೇಸು. ಹೊಸ ಮನೆ ಕಟ್ಟಿದವರು ಇದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಗೋಡೆಯ ಪಕ್ಕದ ಮಣ್ಣಿನಲ್ಲಿ ಹೂತುಹೋದ ಗಾರೆ, ಕಾಂಕ್ರೀಟಿನ ಚೂರುಗಳು ಹುಳಿಮಣ್ಣನ್ನೂ ಕ್ಷಾರಕ್ಕೆ ತಿರುಗಿಸುತ್ತವೆ. ಹುಲ್ಲುಹಾಸಿಗೆ ಸುರಿಯುವ ಸಾರಜನಕ ಗೊಬ್ಬರವೂ ಮರದ ಬೇರಿಗೇ ಸೇರುವುದರಿಂದ ಬೇಸಿಗೆಯ ಕೊನೆಯಲ್ಲಿ ಅದನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಬಣ್ಣ ತಿರುಗಬೇಕಾದ ಹೊತ್ತಿನಲ್ಲಿ ಮರ ಹಸಿರು ಚಿಗುರುತ್ತಾ ಕೂರುತ್ತದೆ.

ಬೇಸಿಗೆ ಮುಗಿಯುವ ಮೊದಲೇ ಒಂದು ಕೊಂಬೆ ಮಾತ್ರ ಕೆಂಪಾದರೆ ಹಿಗ್ಗುವವರನ್ನು ಕಂಡಿದ್ದೇನೆ. ಅದು ಶುಭಸೂಚನೆಯಲ್ಲ. ಆ ಕೊಂಬೆಗೆ ನೀರು ಸರಿಯಾಗಿ ತಲುಪುತ್ತಿಲ್ಲ ಎಂದೇ ಬಹಳ ಸಲ ಅದರ ಅರ್ಥ, ಮೂಲ ಹೆಚ್ಚಾಗಿ ಬುಡದಲ್ಲಿರುತ್ತದೆ. ಕುಂಡದಲ್ಲಿ ಸುತ್ತಿಕೊಂಡು ಬೆಳೆದ ಬೇರನ್ನು ಬಿಡಿಸದೆ ನೆಟ್ಟರೆ ಅದೇ ಬೇರು ವರ್ಷಗಳ ನಂತರ ಕಾಂಡವನ್ನು ಉರುಳಿನಂತೆ ಬಿಗಿಯುತ್ತದೆ; ಈ ಜಾತಿಯಲ್ಲಿ ಇದು ತೀರಾ ಸಾಮಾನ್ಯ. ನೆಡುವಾಗ ಸುತ್ತುಬೇರುಗಳನ್ನು ಕತ್ತರಿಸಿ, ಕಾಂಡವು ಅಗಲವಾಗಿ ಬೇರಿಗೆ ಇಳಿಯುವ ಭಾಗ ನೆಲದ ಮೇಲೆ ಕಾಣುವಂತೆ ಕೂರಿಸಬೇಕು. ಬುಡದ ಸುತ್ತ ಸೊಪ್ಪು, ತೊಗಟೆಯ ಚೂರು ಹೊದಿಸಬಹುದು, ಕಾಂಡಕ್ಕೆ ತಾಗಿಸಬಾರದು. ಎಳೆಯ ಮರದ ತೊಗಟೆ ತೆಳುವಾದ್ದರಿಂದ ಹುಲ್ಲು ಕತ್ತರಿಸುವ ಯಂತ್ರದ ಒಂದು ಏಟು ಸಾಕು, ಗಾಯ ಹಲವು ವರ್ಷ ಮಾಯುವುದಿಲ್ಲ.

ಜಾಗದ ಲೆಕ್ಕವನ್ನು ಲೇಖಕರು ಸರಿಯಾಗಿಯೇ ಕೊಟ್ಟಿದ್ದಾರೆ. 12ರಿಂದ 18 ಮೀಟರ್ ಎತ್ತರಕ್ಕೆ ಏರಿ, ಮೇಲುಮೇಲಿನ ಬೇರುಗಳಿಂದ ಕಾಲುದಾರಿಯ ಕಲ್ಲನ್ನೂ ಎತ್ತುವ ಮರವಿದು. ಕುದುರೆ ಸಾಕುವವರಿಗೆ ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸಬೇಕಿತ್ತು: ಇದರ ಬಾಡಿದ ಎಲೆ ತಿಂದರೆ ಕುದುರೆಯ ಕೆಂಪು ರಕ್ತಕಣಗಳು ಒಡೆದು ಪ್ರಾಣಕ್ಕೇ ಅಪಾಯವಾಗುತ್ತದೆ. ಇನ್ನು ಚಳಿಗಾಲವೆಂಬುದೇ ಇಲ್ಲದ ಉಷ್ಣವಲಯದ ಬಯಲಿನಲ್ಲಿ ಈ ಮರದಿಂದ ಬಣ್ಣ ನಿರೀಕ್ಷಿಸುವುದು ವ್ಯರ್ಥ.

ಕೊನೆಯದಾಗಿ, ಲೇಖನದೊಂದಿಗೆ ಅಚ್ಚಾದ ಚಿತ್ರದ ವಿಷಯ. ಸುತ್ತಲಿನ ಗಿಡಗಳೆಲ್ಲ ಹಚ್ಚಹಸಿರಾಗಿರುವ ನಡುಬೇಸಿಗೆಯಲ್ಲಿ ಕಪ್ಪುಗೆಂಪು ಎಲೆ ಹೊತ್ತು ನಿಂತ ಆ ಮರ ಕೆಂಪು ಮೇಪಲ್ ಅಲ್ಲ. ನೋಟಕ್ಕೆ ಅದು ನಾರ್ವೆ ಮೇಪಲ್‌ನ ಕ್ರಿಮ್ಸನ್ ಕಿಂಗ್ ತಳಿಯಂತಿದೆ. ವಸಂತದಿಂದಲೂ ಕಪ್ಪುಗೆಂಪಾಗಿರುವ ಅದು ಶರತ್ಕಾಲದಲ್ಲಿ ಕಂದಾಗಿ ಉದುರುತ್ತದೆ. ತೊಟ್ಟು ಮುರಿದಾಗ ಹಾಲಿನಂಥ ರಸ ಒಸರಿದರೆ ಅದು ನಾರ್ವೆ ಮೇಪಲ್. ಎಲೆಯ ಅಡಿಭಾಗ ಬೆಳ್ಳಿಯಂತೆ ಬಿಳುಪಾಗಿ, ಅಂಚು ಗರಗಸದಂತಿದ್ದು, ಹಾಲು ಬಾರದಿದ್ದರೆ ಕೆಂಪು ಮೇಪಲ್ ಇದ್ದೀತು. ಚಿತ್ರವನ್ನು ಹಿಡಿದು ನರ್ಸರಿಗೆ ಹೋಗುವ ಓದುಗರೂ ಇರುವುದರಿಂದ, ಸರಿಯಾದ ಚಿತ್ರವನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ